ಬಚ್ಚಲಲ್ಲಿ ಬಿಸಿನೀರು–ತಣ್ಣೀರಿನ ಜಗಳ: ದೋಷ ಗೀಸರಿನದೋ, ಪೈಪಿನದೋ?

ಹಂಡೆಯ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಬಚ್ಚಲ ಒಲೆಗೆ ಕಟ್ಟಿಗೆ ಒಡ್ಡಿ ನೀರು ಕಾಯಿಸಿ, ಬಕೆಟಿನಲ್ಲಿ ಬೆರೆಸಿ, ಕೈ ಅದ್ದಿ ಹದ ನೋಡಿದ ಮೇಲೆಯೇ ಚೊಂಬು ಮೈಮೇಲೆ ಬೀಳುತ್ತಿತ್ತು. ಇಂದು ನಮ್ಮ ಬಹುಪಾಲು ಮನೆಗಳಿಗೆ ಗೀಸರ್, ಸೋಲಾರ್, ಷವರ್ ಬಂದಿವೆ. ಅವುಗಳೊಂದಿಗೆ ಹೊಸದೊಂದು ದೂರೂ ಬಂದಿದೆ: ಮೀಯುತ್ತಿರುವಾಗಲೇ ನೀರು ಒಮ್ಮೆ ಸುಡುತ್ತದೆ, ಒಮ್ಮೆ ಕೊರೆಯುತ್ತದೆ.

ನಮ್ಮ ಮನೆಯಲ್ಲಿಯೂ ಹೀಗೇ ಆಯಿತು. ಕಾಫಿ ಕೊಯ್ಲಿನ ದಿನಗಳಲ್ಲಿ ಒಂದು ಸಂಜೆ ಷವರಿನ ಕೆಳಗಿದ್ದ ಅಮ್ಮನ ಬೆನ್ನಿಗೆ ಸುಡುನೀರು ಬಿದ್ದು ಬೊಬ್ಬೆ ಎದ್ದಿತು. ಗೀಸರ್ ಕೆಟ್ಟಿದೆ ಎಂದು ಥರ್ಮೋಸ್ಟಾಟ್ ಬದಲಿಸಿದೆವು, ಅನಂತರ ಕಾಯಿಲ್ ಬದಲಿಸಿದೆವು. ಗುಣ ಕಾಣಲಿಲ್ಲ. ಕೊನೆಗೆ ಮನೆಯಾಕೆ ಹೇಳಿದಳು: "ಹಣ್ಣು ಪಲ್ಪ್ ಮಾಡುವ ದಿನ ಮಾತ್ರ ಹೀಗಾಗ್ತದೆ, ನೋಡಿದ್ದೀರಾ?"

ಆಕೆಯ ಮಾತು ನಿಜವಾಗಿತ್ತು. ನಮ್ಮ ಬಚ್ಚಲ ತಣ್ಣೀರು ಗುಡ್ಡದ ಟ್ಯಾಂಕಿನಿಂದ ನೇರವಾಗಿ ಬರುತ್ತಿತ್ತು. ಗೀಸರಿಗೆ ನೀರು ಮಾಡಿನ ಮೇಲಿನ ಚಿಕ್ಕ ಟ್ಯಾಂಕಿನಿಂದ. ನೀರಿನ ಎತ್ತರ 10 ಮೀಟರ್ ಹೆಚ್ಚಿದರೆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಹೆಚ್ಚುತ್ತದೆ. ಗುಡ್ಡದ ಟ್ಯಾಂಕು 20 ಮೀಟರ್ ಮೇಲಿದ್ದರೆ 2 ಕಿಲೋ. ಮಾಡಿನ ಟ್ಯಾಂಕು 3 ಮೀಟರ್ ಮೇಲಿದ್ದರೆ ಅದರ ಒತ್ತಡ 0.3 ಕಿಲೋ ಮಾತ್ರ. ಆದ್ದರಿಂದ ನಾವು ಬಿಸಿನೀರಿನ ತಿರುಪನ್ನು ಪೂರ್ತಿ ಬಿಟ್ಟು, ತಣ್ಣೀರಿನದನ್ನು ಕೂದಲೆಳೆಯಷ್ಟು ಬಿಟ್ಟು ಹದ ಮಾಡಿಕೊಳ್ಳುತ್ತಿದ್ದೆವು. ಅದೇ ಗುಡ್ಡದ ಲೈನಿನಿಂದ ಪಲ್ಪರಿಗೆ ನೀರು ಬಿಟ್ಟ ಕೂಡಲೇ ತಣ್ಣೀರಿನ ಒತ್ತಡ ಕುಸಿಯುತ್ತಿತ್ತು. ಷವರಿನಲ್ಲಿ ಬರಿಯ ಬಿಸಿನೀರು ಉಳಿಯುತ್ತಿತ್ತು. ಒಂದೇ ಲೈನಿನಲ್ಲಿ ಇನ್ನೆರಡು ಸ್ಪ್ರಿಂಕ್ಲರ್ ಜೆಟ್ ತೆರೆದರೆ ಮೊದಲಿನ ಜೆಟ್ಟಿನ ಹಾರು ತಗ್ಗುವುದನ್ನು ತೋಟದಲ್ಲಿ ನಾವೆಲ್ಲರೂ ಕಂಡಿದ್ದೇವೆ. ಬಚ್ಚಲಲ್ಲಿ ನಡೆಯುವುದೂ ಅದೇ.

ಹಣ ಖರ್ಚು ಮಾಡುವ ಮೊದಲು ಬೆಳೆಗಾರರು ಮನೆಯಲ್ಲಿಯೇ ಮಾಡಿ ನೋಡಬಹುದಾದ ಮೂರು ಪರೀಕ್ಷೆಗಳಿವೆ.

ಮೊದಲನೆಯದು: ಬಿಸಿನೀರನ್ನು ಮಾತ್ರ ಬಕೆಟಿಗೆ ಬಿಡಿ. ಐದು ನಿಮಿಷ ಬಿಸಿ ಒಂದೇ ಸಮ ಇದ್ದರೆ ಗೀಸರ್ ನಿರ್ದೋಷಿ. ಬಿಸಿನೀರೇ ಏರಿಳಿದರೆ ದೋಷ ಅಲ್ಲಿದೆ. ಗ್ಯಾಸ್ ಗೀಸರಿನಲ್ಲಿ ನೀರಿನ ಹರಿವು ಕಡಿಮೆಯಾದರೆ ಜ್ವಾಲೆ ತಾನಾಗಿ ಆರುತ್ತದೆ. ಅಬ್ಬಿ ನೀರಿನೊಂದಿಗೆ ಬರುವ ಮರಳು, ಎಲೆಚೂರು ಒಳಬಾಯಿಯ ಜಾಲರಿಯಲ್ಲಿ, ಷವರಿನ ತೂತುಗಳಲ್ಲಿ ಕಟ್ಟಿಕೊಂಡರೂ ಹೀಗಾಗುತ್ತದೆ. ಬಿಚ್ಚಿ ತೊಳೆದರೆ ಸಾಕು.

ಎರಡನೆಯದು: ಒಬ್ಬರು ಷವರಿನ ನೀರಿಗೆ ಕೈ ಒಡ್ಡಿರಲಿ, ಇನ್ನೊಬ್ಬರು ಅಡಿಗೆಮನೆ, ಕೊಟ್ಟಿಗೆ, ಅಂಗಳದ ನಲ್ಲಿಗಳನ್ನು ಒಂದೊಂದಾಗಿ ಬಿಡಲಿ. ಯಾವ ನಲ್ಲಿಗೆ ಹದ ತಪ್ಪುವುದೋ ಆ ಲೈನೇ ಕಾರಣ.

ಮೂರನೆಯದು: ಗೀಸರಿನ ಕರೆಂಟ್ ತೆಗೆದು, ಅದಕ್ಕೆ ನೀರು ಬರುವ ವಾಲ್ವ್ ಮುಚ್ಚಿ, ಕೈ ತೊಳೆಯುವ ಬೇಸಿನ್ನಿನ ಬಿಸಿನೀರಿನ ನಲ್ಲಿ ತೆರೆಯಿರಿ. ನೀರು ಸ್ವಲ್ಪ ಹೊತ್ತು ಸುರಿದು ನಿಲ್ಲಬೇಕು. ನಿಲ್ಲದೆ ಹರಿಯುತ್ತಿದ್ದರೆ ಎಲ್ಲೋ ಒಂದು ಮಿಕ್ಸರಿನ ಮೂಲಕ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆ ಎಂದು ತಿಳಿಯಬೇಕು. ಎರಡೂ ತಿರುಪು ಬಿಟ್ಟು, ತುದಿಯ ಗುಂಡಿಯಿಂದ ಮಾತ್ರ ನೀರು ನಿಲ್ಲಿಸುವ ಕೈಷವರುಗಳಲ್ಲಿ ಇದು ಸಾಮಾನ್ಯ. ಸೋಲಾರ್ ಇದ್ದವರು ಅದರ ಗಾಳಿಕೊಳವೆಯನ್ನೂ ನೋಡಬೇಕು. ಅಲ್ಲಿಂದ ನೀರು ಸುರಿಯುತ್ತಿದ್ದರೆ ಗುಡ್ಡದ ತಣ್ಣೀರು ಹಿಮ್ಮುಖವಾಗಿ ಸೋಲಾರ್ ಟ್ಯಾಂಕಿಗೆ ಏರುತ್ತಿರುವ ಸಂಭವ ಹೆಚ್ಚು.

ಪರಿಹಾರ ಸರಳ. ಬಚ್ಚಲ ತಣ್ಣೀರು ಮತ್ತು ಗೀಸರಿನ ನೀರು ಎರಡೂ ಒಂದೇ ಟ್ಯಾಂಕಿನಿಂದ ಬರುವಂತೆ ಮಾಡಿ. ಬಚ್ಚಲಿಗೆ ಪ್ರತ್ಯೇಕ ಪೈಪು ಎಳೆಯಿರಿ. ಕೊಟ್ಟಿಗೆ, ಪಲ್ಪರ್, ಔಷಧಿ ಸಿಂಪಡಣೆಯ ಡ್ರಮ್ಮಿನ ಲೈನಿಗೆ ಅದನ್ನು ಸೇರಿಸಬೇಡಿ. ಷವರಿನ ರಭಸ ಕಡಿಮೆ ಎನಿಸಿದರೆ ಆ ಟ್ಯಾಂಕನ್ನೇ ಎತ್ತರಿಸಿ. ಒತ್ತಡ ತಡೆಯದ ಸೋಲಾರ್ ಟ್ಯಾಂಕಿಗೆ ಗುಡ್ಡದ ಲೈನನ್ನು ನೇರವಾಗಿ ಕೊಟ್ಟರೆ ಟ್ಯಾಂಕು ಸೀಳಬಹುದು.

ಎರಡು ಎಚ್ಚರಿಕೆಗಳು ಅವಶ್ಯ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ದೊಡ್ಡವರ ಚರ್ಮವನ್ನು ಸುಮಾರು 5 ಸೆಕೆಂಡಿನಲ್ಲಿ ಗಂಭೀರವಾಗಿ ಸುಡಬಲ್ಲದು; ಮಕ್ಕಳಿಗೆ, ವೃದ್ಧರಿಗೆ ಅದಕ್ಕಿಂತ ಬೇಗ. ಒಳ್ಳೆಯ ಬಿಸಿಲಿನ ದಿನ ಸೋಲಾರ್ ನೀರು ಇದನ್ನು ಮೀರಬಹುದು. ಆದುದರಿಂದ ದೋಷ ಸರಿಯಾಗುವವರೆಗೆ ಅಂಥವರಿಗೆ ಬಕೆಟಿನಲ್ಲಿ ಬೆರೆಸಿದ ನೀರೇ ಕ್ಷೇಮ. ಇನ್ನೊಂದು, ಗ್ಯಾಸ್ ಗೀಸರಿನ ಜ್ವಾಲೆ ಗಾಳಿಗೆ ಆರುತ್ತದೆಂದು ಬಚ್ಚಲ ಕಿಟಕಿ ಮುಚ್ಚಲೇಬಾರದು. ಮುಚ್ಚಿದ ಕೋಣೆಯಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೀಯುತ್ತಿದ್ದವರು ಕುಸಿದು ಪ್ರಾಣ ಬಿಟ್ಟ ಪ್ರಸಂಗಗಳಿವೆ. ಗ್ಯಾಸ್ ಗೀಸರ್ ಬಚ್ಚಲ ಹೊರಗೆ, ಗಾಳಿಯಾಡುವ ಜಾಗದಲ್ಲಿರಬೇಕು.

ನಮ್ಮಲ್ಲಿ ಮಾಡಿನ ಟ್ಯಾಂಕಿನಿಂದ ಬಚ್ಚಲಿಗೆ ಒಂದು ತುಂಡು ಪೈಪು, ಒಂದು ವಾಲ್ವ್, ಪ್ಲಂಬರಿನ ಅರ್ಧ ದಿನದ ಕೂಲಿ, ಇಷ್ಟರಲ್ಲಿ ಕೆಲಸ ಮುಗಿಯಿತು. ಷವರಿನ ರಭಸ ಮೊದಲಿನಷ್ಟಿಲ್ಲ. ಆದರೆ ಪಲ್ಪರ್ ತಿರುಗುತ್ತಿರುವಾಗಲೂ ಅಮ್ಮ ನಿಶ್ಚಿಂತೆಯಿಂದ ಮೀಯುತ್ತಾರೆ.