ಉತ್ಪ್ರೇಕ್ಷೆ ಅಂದ್ರೇನು? ಬಿಲ್ಡಪ್ ಮುಗಿದು ಸುಳ್ಳು ಶುರುವಾಗೋದು ಎಲ್ಲಿ?

ನಾಗರಬಾವಿ: "ಬಿಲ್ಡಪ್ ಸಾಕು, ರೇಟ್ ಹೇಳಿ ಸ್ವಾಮಿ." ಅಂಗಡಿಗಳಲ್ಲಿ ಜನ ಬಿಲ್ಡಪ್ ಅನ್ನೋದನ್ನೇ ಪತ್ರಿಕೆಗಳು 'ಉತ್ಪ್ರೇಕ್ಷೆ' ಎಂದು ಬರೆಯುತ್ತವೆ. ಇದ್ದದ್ದನ್ನು ಇದ್ದದ್ದಕ್ಕಿಂತ ಹೆಚ್ಚು ಮಾಡಿ ಹೇಳುವುದು ಎಂಬುದೇ ಇಂದಿನ ಅರ್ಥ.

ಅಲಂಕಾರಶಾಸ್ತ್ರದಲ್ಲಿ ಮಾತ್ರ ಈ ಪದದ ಅರ್ಥ ಬೇರೆ. ಒಂದನ್ನು ಇನ್ನೊಂದೇನೋ ಎಂಬಂತೆ ಕಲ್ಪಿಸಿ ಹೇಳುವುದು ಅಲ್ಲಿ ಉತ್ಪ್ರೇಕ್ಷೆ. ರಿಂಗ್ ರೋಡಿನ ದೀಪಗಳನ್ನು ಕಂಡು "ನಕ್ಷತ್ರಗಳೇ ಸಾಲಾಗಿ ಇಳಿದು ನಿಂತಿವೆಯೋ ಏನೋ" ಅಂದರೆ ಅದು ಉತ್ಪ್ರೇಕ್ಷೆ. ಮಿತಿ ಮೀರಿ ವರ್ಣಿಸಿದರೆ ಅದು ಅತಿಶಯೋಕ್ತಿ. ದಿನಬಳಕೆಯಲ್ಲಿ ಎರಡೂ ಒಂದೇ ಆಗಿವೆ. ಹಾಗೆ ಬಳಸಿದರೆ ತಪ್ಪೇನಿಲ್ಲ.

ಆಡುಮಾತು ಇನ್ನೂ ಸೂಕ್ಷ್ಮ. ತನ್ನನ್ನೇ ಹೊಗಳಿಕೊಂಡರೆ 'ಬಡಾಯಿ ಕೊಚ್ಚೋದು'. ಸಣ್ಣದನ್ನು ದೊಡ್ಡದು ಮಾಡಿದರೆ 'ಕಡ್ಡೀನ ಗುಡ್ಡ ಮಾಡೋದು'. ಇಲ್ಲದ್ದನ್ನು ಇದೆ ಅಂದರೆ 'ಬುರುಡೆ ಬಿಡೋದು'. ಮೊದಲೆರಡರಲ್ಲಿ ಸ್ವಲ್ಪವಾದರೂ ನಿಜ ಇರುತ್ತೆ, ಬುರುಡೆಯಲ್ಲಿ ಅದೂ ಇರಲ್ಲ.

ಕಾಸು ಕೈಬದಲಾಗುವಾಗ ಈ ವ್ಯತ್ಯಾಸ ಮುಖ್ಯ. "ಊರಿಗೇ ಬೆಸ್ಟ್ ದೋಸೆ" ಎಂಬ ಬೋರ್ಡ್ ನೋಡಿ ಯಾರೂ ಮೋಸ ಹೋಗಲ್ಲ. ಅದು ಮಾತಿನ ಉತ್ಸಾಹ ಅಂತ ಎಲ್ಲರಿಗೂ ಗೊತ್ತು. "ಮೆಟ್ರೋ ಮನೆ ಬಾಗಿಲಲ್ಲೇ" ಎಂದು ಫ್ಲಾಟ್ ಮಾರಿದರೆ ಹಾಗಲ್ಲ. ಹೊರವರ್ತುಲ ರಸ್ತೆಯ ಮೂರನೇ ಹಂತದ ಮೆಟ್ರೋಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದೇ 2024ರ ಆಗಸ್ಟ್‌ನಲ್ಲಿ. ಮುಂದೆ ಬರಬೇಕಾದ್ದನ್ನು ಈಗಲೇ ಇದೆ ಅನ್ನುವುದು ಉತ್ಪ್ರೇಕ್ಷೆಯಲ್ಲ, ಬುರುಡೆ.

ಕಾನೂನೂ ಇದನ್ನು ಗಮನಿಸುತ್ತೆ. 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಬಿಲ್ಡರ್‌ನ ಸುಳ್ಳು ಜಾಹೀರಾತು ನಂಬಿ ಮುಂಗಡ ಕೊಟ್ಟು ನಷ್ಟವಾದವರು ಪರಿಹಾರ ಕೇಳಬಹುದು. ಖರೀದಿಯೇ ಬೇಡವೆಂದರೆ ಕಟ್ಟಿದ ಹಣವನ್ನು ಬಡ್ಡಿ ಸಮೇತ ವಾಪಸ್ ಪಡೆಯಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ದಾರಿ ತಪ್ಪಿಸುವ ಜಾಹೀರಾತು ನಿಲ್ಲಿಸುವಂತೆ ವ್ಯಾಪಾರಿಗೂ ಆದೇಶ ಬರಬಹುದು. ತಯಾರಕರಿಗೆ ಮತ್ತು ಪ್ರಚಾರ ಮಾಡಿದವರಿಗೆ ₹10 ಲಕ್ಷದವರೆಗೆ, ಮತ್ತೆ ಅದೇ ಮಾಡಿದರೆ ₹50 ಲಕ್ಷದವರೆಗೆ ದಂಡ ಬೀಳಬಹುದು.

ಬೋರ್ಡ್ ಬರೆಸುವ ಮುನ್ನ ಅಂಗಡಿಯವರು ಒಂದು ಪ್ರಶ್ನೆ ಹಾಕಿಕೊಂಡರೆ ಸಾಕು: ಇದನ್ನು ಅಳೆದು ನೋಡಬಹುದಾ? 'ಸೂಪರ್', 'ಬೆಸ್ಟ್' ಇವನ್ನು ಅಳೆಯೋಕಾಗಲ್ಲ. ತೂಕ, ದೂರ, ಕ್ಯಾರೆಟ್, ಡಿಸ್ಕೌಂಟ್ ಅಳತೆಗೆ ಸಿಗುತ್ತವೆ. ಅಲ್ಲಿ ಇದ್ದದ್ದು ಇದ್ದ ಹಾಗೇ ಇರಬೇಕು. ಕೊಳ್ಳುವವರು ಜಾಹೀರಾತಿನ ಫೋಟೊ, ರಸೀದಿ ಇಟ್ಟುಕೊಳ್ಳಲಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.