ತೋಟದಲ್ಲಿ ತಂಗೋಕೆ ಕ್ಯಾಂಪರ್ ಗಾಡಿ ಬೇಕಾ? ದುಡ್ಡು ಕೊಡೋ ಮುಂಚೆ ತೂಕ, ಮಳೆ, ಆನೆ ಮೂರನ್ನೂ ಲೆಕ್ಕ ಹಾಕಿ

ಮನೆ ಇರೋದು ಹಾಸನದಲ್ಲೋ ಆಲೂರಿನಲ್ಲೋ. ತೋಟ ಮಾತ್ರ ಹೆತ್ತೂರು ಕಡೆ ಗುಡ್ಡದ ಮೇಲೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ಕಣದಲ್ಲಿ ಒಣಗೋ ಕಾಫಿಗೆ ರಾತ್ರಿ ಕಾವಲು. ಅದು ಮುಗಿಯೋ ಹೊತ್ತಿಗೆ ಹೂ ಮಳೆ ಕೈ ಕೊಟ್ಟರೆ ಸ್ಪ್ರಿಂಕ್ಲರ್ ಓಡಿಸಬೇಕು, ತ್ರೀ ಫೇಸ್ ಕರೆಂಟ್ ಬರೋದು ಎಷ್ಟೋ ಸಲ ನಡುರಾತ್ರಿಗೇ. ತೋಟದಲ್ಲಿ ಮನೆ ಕಟ್ಟಿಸೋಣ ಅಂದ್ರೆ ದುಡ್ಡಿಲ್ಲ, ಇರೋ ಹಳೇ ಲೈನ್ ಮನೆ ಸೋರುತ್ತೆ. ಇಂಥ ಹೊತ್ತಿನಲ್ಲಿ ಮೊಬೈಲ್‌ನಲ್ಲಿ ಹಾಸಿಗೆ, ಒಲೆ, ಸಿಂಕು ಎಲ್ಲಾ ಇರೋ ಕ್ಯಾಂಪರ್ ಗಾಡಿ ವಿಡಿಯೋ ನೋಡಿದ್ರೆ ಯಾರಿಗಾದ್ರೂ ಆಸೆ ಆಗುತ್ತೆ.

ಆಸೆ ತಪ್ಪಲ್ಲ. ಆದರೆ ಆ ವಿಡಿಯೋಗಳು ನಮ್ಮ ಮಳೆ, ನಮ್ಮ ರಸ್ತೆ, ನಮ್ಮ ಆನೆ ನೋಡಿ ಮಾಡಿದ್ದಲ್ಲ. ಸಕಲೇಶಪುರ, ಆಲೂರು ಗುಡ್ಡಗಳಿಗೆ ಕಡಿಮೆ ಖರ್ಚಲ್ಲಿ ಒಗ್ಗೋದು ಯಾವುದು ಅನ್ನೋದನ್ನ ಇಲ್ಲಿ ನೋಡೋಣ.

ಹೆಸರು ನೋಡಿ ಮೋಸ ಹೋಗಬೇಡಿ

ನಮ್ಮ ಕಡೆ 'ಕ್ಯಾಂಪರ್' ಅಂದ್ರೆ ಎಲ್ಲರಿಗೂ ನೆನಪಾಗೋದು ಮಹೀಂದ್ರಾ ಬೊಲೆರೊ ಕ್ಯಾಂಪರ್. ಅದು ಮಲಗೋ ಗಾಡಿ ಅಲ್ಲ, ಡಬಲ್ ಕ್ಯಾಬಿನ್ ಪಿಕಪ್. ಐದು ಜನ ಕೂರಬಹುದು, ಹಿಂದೆ ಸಾಮಾನು ಹಾಕಬಹುದು. ಆದರೆ ಹಿಂದಿನ ತೊಟ್ಟಿ ಗಿಡ್ಡ, ದೊಡ್ಡ ಮನುಷ್ಯ ಕಾಲು ಚಾಚಿ ಮಲಗೋಕೆ ಆಗಲ್ಲ. ಮಲಗೋದೇ ಮುಖ್ಯ ಅನ್ನೋದಾದ್ರೆ ಸಿಂಗಲ್ ಕ್ಯಾಬಿನ್ ಪಿಕಪ್ಪಿನ ಉದ್ದ ತೊಟ್ಟಿ ವಾಸಿ. ಕೊಳ್ಳೋಕೆ ಹೋದಾಗ ಜೊತೆಗೊಂದು ಟೇಪು ಇಟ್ಕೊಳ್ಳಿ, ತೊಟ್ಟಿ ಒಳಗಿನ ಉದ್ದ ಆರೂಕಾಲು ಅಡಿ ಇದೆಯಾ ಅಂತ ಅಳೆದೇ ಮಾತಾಡಿ.

ಮೊದಲ ಲೆಕ್ಕ: ತೂಕ

ಗುಡ್ಡದ ದಾರಿಯಲ್ಲಿ ಗಾಡಿ ಕೈ ಕೊಡೋದಕ್ಕೆ ದೊಡ್ಡ ಕಾರಣ ತೂಕ. ಆರ್‌ಸಿ ಕಾರ್ಡಿನಲ್ಲಿ ಗಾಡಿಯ ಖಾಲಿ ತೂಕ, ತುಂಬಿದ ತೂಕ ಎರಡೂ ಇರುತ್ತೆ. ಎರಡರ ವ್ಯತ್ಯಾಸವೇ ನೀವು ಹೇರಬಹುದಾದ ಭಾರ. ಈಗ ಒಂದು ಸಾದಾ ಕ್ಯಾಂಪರ್ ವ್ಯವಸ್ಥೆಯ ಅಂದಾಜು ನೋಡಿ:

- ಪೈಪ್ ಫ್ರೇಮ್, ಪ್ಲೈವುಡ್, ಶೀಟ್ ಹಾಕಿದ ಪೆಟ್ಟಿಗೆ: 250 ಕೆಜಿ
- 100 ಲೀಟರ್ ನೀರು: 100 ಕೆಜಿ
- 100 ಎಎಚ್ ಲೆಡ್ ಬ್ಯಾಟರಿ: 30 ಕೆಜಿ
- ತುಂಬಿದ ಮನೆಬಳಕೆ ಸಿಲಿಂಡರ್: 30 ಕೆಜಿ
- ಹಾಸಿಗೆ, ಪಾತ್ರೆ, ಹತಾರ, ಚೈನು: 100 ಕೆಜಿ
- ಇಬ್ಬರು ಮನುಷ್ಯರು: 140 ಕೆಜಿ

ಒಟ್ಟು 650 ಕೆಜಿ. ಇದರ ಮೇಲೆ ಆರು ಮೂಟೆ ಡಿಎಪಿ ಹಾಕಿದ್ರೆ ಇನ್ನೂ 300. ಒಂದು ಟನ್ ಹೊರೋ ಪಿಕಪ್ಪಿಗೆ ಇಲ್ಲಿಗೆ ಹೊಟ್ಟೆ ತುಂಬಿತು. ಅರ್ಧ ಟನ್ ಹೊರೋ ಜೀಪಿಗಾದ್ರೆ ಗೊಬ್ಬರ ಹಾಕೋ ಮುಂಚೆಯೇ ಭಾರ ಜಾಸ್ತಿ ಆಯ್ತು.

ಎತ್ತರಾನೂ ನೋಡಿ. ಪೆಟ್ಟಿಗೆ ಎತ್ತರ ಆದಷ್ಟೂ ಓರೆ ದಾರಿಯಲ್ಲಿ ಗಾಡಿ ಮಗುಚೋ ಅಪಾಯ ಹೆಚ್ಚು. ತೋಟದ ಒಳದಾರಿಯಲ್ಲಿ ನೆರಳು ಮರದ ಕೊಂಬೆ ತಾಗುತ್ತೆ, ಜೋತುಬಿದ್ದ ಕರೆಂಟ್ ತಂತಿ ತಾಗಿದ್ರಂತೂ ಜೀವಕ್ಕೇ ಕುತ್ತು. ಪೆಟ್ಟಿಗೆ ಕ್ಯಾಬಿನ್ ಎತ್ತರಕ್ಕಿಂತ ಹೆಚ್ಚು ಮೇಲೆ ಹೋಗದಿರಲಿ. ಒಳಗೆ ನಿಲ್ಲೋಕಾಗದಿದ್ರೂ ಪರವಾಗಿಲ್ಲ, ಕೂತು ಮಲಗೋಕಾದ್ರೆ ಸಾಕು.

ಯಾವ ಕಡೆಗೆ ಯಾವ ಗಾಡಿ?

ತಾಲ್ಲೂಕು ಪಕ್ಕಪಕ್ಕದ್ದೇ ಆದ್ರೂ ಮಳೆ ಒಂದೇ ಅಲ್ಲ. ಪಶ್ಚಿಮಕ್ಕಿರೋ ಹಾನಬಾಳು, ಹೆತ್ತೂರು, ಯಸಳೂರು ಹೋಬಳಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡಲ್ಲ. ಅಲ್ಲಿ ವರ್ಷಪೂರ್ತಿ ಹೋಗಿಬರಬೇಕು ಅಂದ್ರೆ ಲೋ ಗೇರ್ ಇರೋ ಫೋರ್‌ವೀಲ್ ಗಾಡಿ ಬೇಕೇ ಬೇಕು. ಬೊಲೆರೊ ಪಿಕಪ್‌ನಲ್ಲೂ ಕ್ಯಾಂಪರ್‌ನಲ್ಲೂ ಫೋರ್‌ವೀಲ್ ಮಾದರಿ ಬಂದಿವೆ, ಹಳೇದು ಹುಡುಕಿದ್ರೆ ಸಿಗುತ್ತೆ.

ಬೆಳಗೋಡು, ಪಾಳ್ಯದಂಥ ಪೂರ್ವದ ಕಡೆ ಮಳೆ ಕಡಿಮೆ. ಕುಯ್ಲು, ನೀರಾವರಿ ಕಾಲಕ್ಕೆ ಮಾತ್ರ ತಂಗೋದಾದ್ರೆ ಎರಡು ವೀಲಿನ ಪಿಕಪ್, ಹಿಂದಕ್ಕೆ ಒಳ್ಳೇ ಗುಂಡಿಯ ಟೈರು, ಕೆಸರಿಗೆ ಕಟ್ಟೋಕೆ ಒಂದು ಜೊತೆ ಚೈನು ಇದ್ರೆ ಕೆಲಸ ಆಗುತ್ತೆ. ಫೋರ್‌ವೀಲ್‌ಗೆ ಕೊಡೋ ಹೆಚ್ಚಿನ ದುಡ್ಡು ಉಳೀತು.

ಜಿಪ್ಸಿ, ಹಳೇ ಮೇಜರ್ ಜೀಪು ನಮ್ಮ ಗುಡ್ಡಕ್ಕೆ ಹೇಳಿಮಾಡಿಸಿದ ಗಾಡಿಗಳೇ. ಆದರೆ ಒಳಗೆ ಜಾಗ ಕಡಿಮೆ, ಒಬ್ಬರಿಗಾದ್ರೆ ಸರಿ. ಗೂರ್ಖಾಗೆ ಮುಂದೆ ಹಿಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್ ಇದೆ, ಕೆಸರಲ್ಲಿ ಬಲವಾದ ಗಾಡಿ, ಬೆಲೆ ಮಾತ್ರ ಕೈಗೆಟುಕಲ್ಲ.

ಹಳೇ ಗಾಡಿ ನೋಡುವಾಗ

ಮಲೆನಾಡಲ್ಲಿ ಓಡಿದ ಗಾಡಿಗೆ ಬಣ್ಣ ನೋಡಬೇಡಿ, ಅಡಿ ನೋಡಿ. ಹೊಸದಾಗಿ ಕಪ್ಪು ಪೇಂಟ್ ಬಳಿದ ಚಾಸಿ ಇದ್ರೆ ಅನುಮಾನ ಪಡಿ, ಸ್ಕ್ರೂಡ್ರೈವರ್‌ನಿಂದ ತಟ್ಟಿ ನೋಡಿ. ತುಕ್ಕು ತಿಂದಿದ್ರೆ ಸದ್ದೇ ಬೇರೆ ಬರುತ್ತೆ. ಫೋರ್‌ವೀಲ್ ಹಾಕಿ, ಲೋ ಗೇರ್‌ನಲ್ಲಿ ಒಂದು ಏರು ಹತ್ತಿಸಿ. ಲಿವರ್ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತೆ ಅಂತಲ್ಲ. ಕೊನೆಗೆ ಸಕಲೇಶಪುರದಲ್ಲೇ ಬಿಡಿಭಾಗ ಸಿಗುತ್ತಾ, ರಿಪೇರಿ ಮಾಡೋರಿದ್ದಾರಾ ಕೇಳಿ. ಅದಿಲ್ಲದ ಗಾಡಿ ಎಷ್ಟು ಅಗ್ಗ ಆದ್ರೂ ದುಬಾರಿಯೇ.

ಮಲಗೋ ವ್ಯವಸ್ಥೆ

ಎಲ್ಲಾ ಕಡೆ ಶೀಟ್ ಹೊಡೆದು ಮುಚ್ಚಿದ ಪೆಟ್ಟಿಗೆ ಒಳಗೆ ಉಸಿರಿನ ಆವಿಯೇ ಬೆಳಗಾಗೋದ್ರೊಳಗೆ ನೀರಾಗಿ ತೊಟ್ಟಿಕ್ಕುತ್ತೆ, ಹಾಸಿಗೆಗೆ ಬೂಷ್ಟು ಹಿಡಿಯುತ್ತೆ. ಎದುರುಬದುರು ಎರಡು ಗಾಳಿಕಿಂಡಿ, ಸೊಳ್ಳೆ ಬಲೆ, ಹಾಸಿಗೆ ಅಡಿಗೆ ಗಾಳಿಯಾಡೋ ಪಟ್ಟಿ ಇರಲಿ.

ಸೌದೆ ಕೆಂಡ, ಇದ್ದಿಲು, ಗ್ಯಾಸ್ ಒಲೆ, ಜನರೇಟರ್ ಯಾವುದನ್ನೂ ಮುಚ್ಚಿದ ಗಾಡಿ ಒಳಗೆ ಇಟ್ಕೊಂಡು ಮಲಗಬೇಡಿ. ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದೋರು ಏಳೋದೇ ಇಲ್ಲ. ಚಳಿಗೆ ಇನ್ನೊಂದು ಕಂಬಳಿ ಹೊದ್ದುಕೊಳ್ಳಿ, ಅಡುಗೆ ಹೊರಗೆ ಟಾರ್ಪಾಲ್ ಕೆಳಗೆ ಮಾಡಿ.

ಕರೆಂಟಿಗೆ ದೊಡ್ಡ ಖರ್ಚು ಬೇಡ. ಎರಡು ಎಲ್‌ಇಡಿ ಬಲ್ಬು, ಎರಡು ಮೊಬೈಲು, ಒಂದು ಚಿಕ್ಕ ಫ್ಯಾನು ಸೇರಿ ರಾತ್ರಿಗೆ 250 ವ್ಯಾಟ್ ಅವರ್ ಆಸುಪಾಸು. 12 ವೋಲ್ಟಿನ 100 ಎಎಚ್ ಲೆಡ್ ಬ್ಯಾಟರಿಯನ್ನ ಅರ್ಧಕ್ಕೆ ಇಳಿಸಿದ್ರೂ 600 ಸಿಗುತ್ತೆ. 100 ವ್ಯಾಟ್ ಸೋಲಾರ್ ಬೇಸಿಗೆಗೆ ಸಾಕು, ಮಳೆಗಾಲಕ್ಕೆ ನಂಬಬೇಡಿ. ಆಗ ಗಾಡಿ ಓಡುವಾಗಲೇ ಚಾರ್ಜ್ ಆಗೋ ವ್ಯವಸ್ಥೆ ಮಾಡಿಸಿ.

ವೆಲ್ಡಿಂಗ್ ಶಾಪಿಗೆ ಹೋಗೋ ಮುಂಚೆ

ಗಾಡಿ ಬಾಡಿ ಕತ್ತರಿಸಿ ಪೆಟ್ಟಿಗೆ ವೆಲ್ಡ್ ಮಾಡಿಸೋದು ಅಗ್ಗ ಅನ್ಸುತ್ತೆ. ಆದರೆ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷದ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಪ್ರಕಾರ, ಅನುಮತಿ ಇಲ್ಲದೆ ಬದಲಾಯಿಸಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತ ಆದಾಗ ವಿಮೆ ಕಂಪನಿ ತಕರಾರು ತೆಗೆಯೋಕೂ ಇದೇ ದಾರಿ.

ಅದಕ್ಕೆ ಪೆಟ್ಟಿಗೆಯನ್ನ ಬೇರೆಯಾಗೇ ಮಾಡಿಸಿ. ಪಟ್ಟಿ ಬಿಗಿದು ಹೇರೋದು, ತೋಟದಲ್ಲಿ ನಾಲ್ಕು ಕಾಲಿನ ಮೇಲೆ ಇಳಿಸೋದು. ಪೆಟ್ಟಿಗೆ ಇಳಿಸಿದ ಮೇಲೆ ಅದೇ ಗಾಡಿಯಲ್ಲಿ ಕಾಫಿ ಮೂಟೆ ಸಾಗಿಸಬಹುದು. ಗಾಡಿ ಓಡುವಾಗ ಪೆಟ್ಟಿಗೆ ಒಳಗೆ ಯಾರೂ ಕೂರಬಾರದು. ಇಂಥ ಪೆಟ್ಟಿಗೆಗೂ ಮುಂಚೆಯೇ ಸಕಲೇಶಪುರದ ಆರ್‌ಟಿಒ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ, ಎಫ್‌ಸಿ ಸಮಯದ ತಲೆನೋವು ತಪ್ಪುತ್ತೆ.

ರಾತ್ರಿ ಎಲ್ಲಿ ನಿಲ್ಲಿಸ್ತೀರಿ?

ಮೇಲಿನದೆಲ್ಲ ಸರಿಯಾಗಿದ್ರೂ ಇದೊಂದು ತಪ್ಪಿದ್ರೆ ಎಲ್ಲಾ ತಪ್ಪಿದ ಹಾಗೆ. ಹೈಕೋರ್ಟ್ ಸೂಚನೆಯಂತೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟ ಮೇಲೆ, 2013–14ರಲ್ಲಿ ಆಲೂರು, ಸಕಲೇಶಪುರ ಭಾಗದಿಂದ 22 ಆನೆ ಹಿಡಿದು ಸಾಗಿಸಿದ್ರು. ಆದರೂ ಆನೆ ಬರೋದು ನಿಂತಿಲ್ಲ. ಮೈಸೂರು ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ಪ್ರಾಣ ಬಿಟ್ಟಿದ್ದು ಇದೇ ಯಸಳೂರು ಭಾಗದಲ್ಲಿ. ಅಂಥ ಆನೆಯೇ ತಡೆಯಲಾರದ ಬಲದ ಮುಂದೆ ಪ್ಲೈವುಡ್ ಗೋಡೆ ಯಾವ ಲೆಕ್ಕ?

- ಗಾಡಿಯನ್ನ ಲೈನ್ ಮನೆ ಅಂಗಳದಲ್ಲೋ, ಜನ ಇರೋ ಮನೆ ಪಕ್ಕದಲ್ಲೋ ನಿಲ್ಲಿಸಿ. ಒಂಟಿಯಾಗಿ ತೋಟದ ಅಂಚಲ್ಲಿ ಬೇಡ.
- ಆನೆ ದಾರಿ, ಗದ್ದೆ ಬಯಲು, ಕೆರೆ ಏರಿ, ಹಣ್ಣು ಬಿಟ್ಟ ಹಲಸಿನ ಮರದ ಬುಡ ಬೇಡವೇ ಬೇಡ.
- ಅಕ್ಕಿ, ಉಪ್ಪು, ಬೆಲ್ಲ, ಬಾಳೆಗೊನೆ ಮಲಗೋ ಪೆಟ್ಟಿಗೆಯಲ್ಲಿ ಇಡಬೇಡಿ. ಆನೆ ವಾಸನೆ ಹಿಡಿದೇ ಬರೋದು.
- ಗಾಡಿ ಮೂತಿ ಹೊರದಾರಿ ಕಡೆಗಿರಲಿ. ಮಲಗೋ ಜಾಗಕ್ಕೆ ಒಂದೇ ಬಾಗಿಲು ಸಾಲದು, ಇನ್ನೊಂದು ಕಡೆಯಿಂದ ಇಳಿಯೋ ದಾರಿ ಬೇಕು.
- ಆನೆ ಹತ್ತಿರ ಬಂದಾಗ ಇಳಿದು ಟಾರ್ಚ್ ಬಿಡೋದು, ವಿಡಿಯೋ ಮಾಡೋದು ಬೇಡ. ಅರಣ್ಯ ವಲಯ ಕಚೇರಿ ನಂಬರ್ ಸೇವ್ ಮಾಡಿಟ್ಟಿರಿ, ತುರ್ತಿಗೆ 112.
- ಇಲಾಖೆಯಿಂದ ಆನೆ ಇದೆ ಅನ್ನೋ ಸೂಚನೆ ಬಂದ ರಾತ್ರಿ ತೋಟದಲ್ಲಿ ತಂಗಬೇಡಿ. ಒಂದು ರಾತ್ರಿ ಕಾಫಿ ಹೋದ್ರೆ ಹೋಗಲಿ.

ಬಿಸಿಲೆ ಕಡೆಯ ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಗಾಡಿ ನಿಲ್ಲಿಸಿ ತಂಗುವಂತಿಲ್ಲ ಅನ್ನೋದೂ ನೆನಪಿರಲಿ.

ದುಡ್ಡು ಹೇಗೆ ಹಂಚೋದು?

ಕೈಯಲ್ಲಿ ನೂರು ರೂಪಾಯಿ ಇದೆ ಅಂದ್ಕೊಳ್ಳಿ. 65 ಗಾಡಿಗೆ, 10 ಟೈರು ಚೈನಿಗೆ, 10 ಮಲಗೋ ಪೆಟ್ಟಿಗೆಗೆ, ಉಳಿದ 15 ಮೊದಲ ವರ್ಷದ ರಿಪೇರಿಗೆ ಅಂತ ಮುಟ್ಟದೆ ಇಡಿ. ಪೆಟ್ಟಿಗೆಗೇ 40 ಹಾಕಿ ಅಗ್ಗದ ಗಾಡಿ ತಗೊಂಡ್ರೆ ಮೊದಲ ಮಳೆಗೇ ಹೂತು ನಿಲ್ಲುತ್ತೆ.

ಇನ್ನೊಂದು ಲೆಕ್ಕಾನೂ ಹಾಕಿ. ವರ್ಷಕ್ಕೆ ಎಷ್ಟು ರಾತ್ರಿ ತೋಟದಲ್ಲಿ ತಂಗ್ತೀರಿ ಅಂತ ಕ್ಯಾಲೆಂಡರ್ ಇಟ್ಕೊಂಡು ಎಣಿಸಿ. ಮೂವತ್ತು ರಾತ್ರಿಗಿಂತ ಕಡಿಮೆ ಇದ್ರೆ ಸಾಲ ಮಾಡಿ ಗಾಡಿ ತರೋದಕ್ಕಿಂತ ಸೋರೋ ಲೈನ್ ಮನೆಗೆ ನಾಲ್ಕು ಶೀಟ್ ಹೊದಿಸೋದೇ ಜಾಣತನ. ಆನೆ ಮುಂದೆ ಪ್ಲೈವುಡ್ಡಿಗಿಂತ ಗೋಡೆ ವಾಸಿ, ಅದಕ್ಕೆ ಕಂತೂ ಕಟ್ಟಬೇಕಿಲ್ಲ.