ಚೊಚ್ಚಲ ಕಾರ್ಡಿನ ಬೆಲೆ

ಚಿಕ್ಕ ಮಕ್ಕಳ ಪೆಟ್ಟಿಗೆಯನ್ನು ತೆರೆದು ನೋಡಿದವರಿಗೆ ಸಂಗ್ರಹಿಸುವ ಹವ್ಯಾಸವು ಎಷ್ಟು ಸಹಜವಾದುದೆಂಬುದು ತಿಳಿಯದೆ ಇರದು. ಗೋಲಿ, ಹಕ್ಕಿಯ ಗರಿ, ಹಳೆಯ ನಾಣ್ಯ, ಅಂಚೆಚೀಟಿ, ಬೆಂಕಿಪೊಟ್ಟಣದ ಚಿತ್ರ, ಇವುಗಳಲ್ಲಿ ಒಂದಾದರೂ ಅಲ್ಲಿ ದೊರೆಯುತ್ತದೆ. ಹಿರಿಯರ ಕಣ್ಣಿಗೆ ಅದು ಕಸ. ಕೂಡಿಟ್ಟ ಮಗುವಿಗೆ ಅದೇ ಭಂಡಾರ. ಇಂತಹ ಭಂಡಾರಗಳಲ್ಲಿ ಒಂದು ಬಗೆಯದು ಅಮೆರಿಕ ದೇಶದಲ್ಲಿ ಲಕ್ಷಾಂತರ ಡಾಲರುಗಳಿಗೆ ಮಾರಾಟವಾಗುವುದುಂಟೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ಅಂಗೈಯಗಲದ ಒಂದು ರಟ್ಟಿನ ತುಂಡಿಗೆ ಅಷ್ಟು ಬೆಲೆ ಏಕೆ ಬಂದಿತು, ಜನರನ್ನು ಸೆಳೆಯುವ ಗುಣ ಅದರಲ್ಲಿ ಏನಿದೆ ಎಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಬೇಸ್‌ಬಾಲ್ ಎಂಬುದು ದಾಂಡು ಚೆಂಡುಗಳ ಆಟ. ನಮ್ಮವರಿಗೆ ಕ್ರಿಕೆಟ್ ಹೇಗೋ ಅಮೆರಿಕನ್ನರಿಗೆ ಅದು ಹಾಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿನ ಸಿಗರೇಟು ತಯಾರಕರು ತಮ್ಮ ಪೊಟ್ಟಣಗಳೊಳಗೆ ಆಟಗಾರರ ಚಿತ್ರವುಳ್ಳ ಸಣ್ಣ ರಟ್ಟುಗಳನ್ನು ಇಡತೊಡಗಿದರು. ತರುವಾಯ ಅಗಿಯುವ ಗಮ್ಮಿನ ವ್ಯಾಪಾರಿಗಳು ಅದೇ ಪದ್ಧತಿಯನ್ನು ಮಕ್ಕಳ ಬಳಿಗೆ ತಂದರು. ಕಾರ್ಡಿನ ಮುಂಭಾಗದಲ್ಲಿ ಆಟಗಾರನ ಚಿತ್ರ. ಹಿಂಭಾಗದಲ್ಲಿ ಅವನ ಊರು, ವಯಸ್ಸು, ಆಟದ ಅಂಕಿಗಳು. ನಮ್ಮ ದೇಶದಲ್ಲಿಯೂ 1980ರ ದಶಕದ ಕೊನೆಯಲ್ಲಿ ಬಿಗ್ ಫನ್ ಎಂಬ ಬಬಲ್ ಗಮ್ಮಿನೊಡನೆ ಕ್ರಿಕೆಟ್ ಆಟಗಾರರ ಚಿತ್ರಗಳು ಬರುತ್ತಿದ್ದವು. ಇಂದಿನ ತಂದೆತಾಯಿಗಳಲ್ಲಿ ಕೆಲವರಿಗಾದರೂ ಅವುಗಳ ನೆನಪಿದ್ದೀತು.

ಸಂಗ್ರಾಹಕರು ಬಹಳವಾಗಿ ಬಯಸುವ ಕಾರ್ಡುಗಳು ಎರಡು ಬಗೆಯವು. ಆಟಗಾರನೊಬ್ಬನು ಅತ್ಯುಚ್ಚ ದರ್ಜೆಯ ಪಂದ್ಯಗಳನ್ನು ಪ್ರವೇಶಿಸಿದಾಗ ಅಚ್ಚಾಗುವ ಮೊದಲ ಕಾರ್ಡನ್ನು ಚೊಚ್ಚಲ ಕಾರ್ಡೆಂದು ಕರೆಯಬಹುದು. ಇದಕ್ಕೂ ಹಿಂದಿನದು ಭರವಸೆಯ ಕಾರ್ಡು. ಅಮೆರಿಕದ ಮೇಲ್ದರ್ಜೆಯಲ್ಲಿ 30 ತಂಡಗಳಿದ್ದು, ಪ್ರತಿಯೊಂದರ ಕೆಳಗೂ ಎಳೆಯರನ್ನು ಪಳಗಿಸುವ ಕಿರಿಯ ತಂಡಗಳಿವೆ. ಅಲ್ಲಿ ಇನ್ನೂ ಕಲಿಯುತ್ತಿರುವ ಹುಡುಗನ ಚಿತ್ರವನ್ನೂ ಅಚ್ಚುಮಾಡಿ ಮಾರುತ್ತಾರೆ. ಬೋಮನ್ ಎಂಬ ಹೆಸರಿನ ಕಾರ್ಡುಗಳು ಇದಕ್ಕೆ ಪ್ರಸಿದ್ಧವಾಗಿವೆ. ಹೆಸರು ಮಾಡದವನ ಚಿತ್ರವನ್ನು ಹಣ ಕೊಟ್ಟು ಕೊಳ್ಳುವವರಾರು ಎಂದು ಕೇಳಬಹುದು. ಕೊಳ್ಳುವವರು ಬಹಳ ಮಂದಿ ಇದ್ದಾರೆ.

ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದಾಗಿ, ಆರಂಭವೆಂಬುದು ಒಬ್ಬನ ಬಾಳಿನಲ್ಲಿ ಒಂದೇ ಸಲ ಬರುವಂತಹುದು. ಮುಂದೆ ಅವನ ಚಿತ್ರಗಳು ನೂರಾರು ಅಚ್ಚಾದರೂ ಮೊದಲನೆಯದು ಒಂದೇ. ಎರಡನೆಯದಾಗಿ, ಹೆಸರಿಲ್ಲದವನ ಚಿತ್ರವನ್ನು ಯಾರೂ ಜೋಪಾನ ಮಾಡುವುದಿಲ್ಲ. ಹಿಂದಿನ ಕಾಲದ ಮಕ್ಕಳು ಅದನ್ನು ಜೇಬಿನಲ್ಲಿ ಮಡಿಚಿದರು, ಆಟಕ್ಕೆ ಒಡ್ಡಿದರು, ಕೊನೆಗೆ ತಾಯಂದಿರು ಕಸದೊಡನೆ ಗುಡಿಸಿದರು. ಆದುದರಿಂದ ಅಂಚು ಮುಕ್ಕಾಗದೆ, ಬಣ್ಣ ಮಾಸದೆ ಉಳಿದ ಹಳೆಯ ಕಾರ್ಡು ಅಪರೂಪವಾಯಿತು. ಮೂರನೆಯದು ಮನುಷ್ಯನ ಅಭಿಮಾನಕ್ಕೆ ಸೇರಿದ ಕಾರಣ. ಲೋಕವು ಮೆಚ್ಚಿದವನನ್ನು ತಾನೂ ಮೆಚ್ಚುವುದರಲ್ಲಿ ಹೆಚ್ಚುಗಾರಿಕೆ ಏನಿದೆ? ಲೋಕವು ಗುರುತಿಸುವ ಮೊದಲೇ ತಾನು ಗುರುತಿಸಿದೆನೆಂಬ ಹೆಮ್ಮೆಯೇ ಬೇರೆ.

ಈ ಹೆಮ್ಮೆಯನ್ನು ಅರಿಯಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಭದ್ರಾವತಿಯಲ್ಲಿ ಜನಿಸಿದ ಶ್ರೀ ಜಿ. ಆರ್. ವಿಶ್ವನಾಥ್ ಅವರು 1967ರಲ್ಲಿ ಮೈಸೂರು ತಂಡದ ಪರವಾಗಿ ವಿಜಯವಾಡದಲ್ಲಿ ಆಂಧ್ರದ ವಿರುದ್ಧ ಆಡಿದ ತಮ್ಮ ಮೊದಲ ಪ್ರಥಮ ದರ್ಜೆ ಪಂದ್ಯದಲ್ಲಿಯೇ 230 ಓಟಗಳನ್ನು ಗಳಿಸಿದರು. ಎರಡು ವರ್ಷಗಳ ಬಳಿಕ, 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಆಡಿದ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಅವರ ಗಳಿಕೆ ಸೊನ್ನೆ. ಎರಡನೆಯ ಸರದಿಯಲ್ಲಿ 137. ಆ ಸೊನ್ನೆಯ ದಿನವೂ ಅವರಲ್ಲಿ ನಂಬಿಕೆಯಿಟ್ಟಿದ್ದ ಅಭಿಮಾನಿಯ ಸಂತೋಷವನ್ನು ಊಹಿಸಿಕೊಳ್ಳಿರಿ. ಅಂತಹವನ ಬಳಿ ಆ ವರ್ಷದ ಒಂದು ಚಿತ್ರವಿದ್ದಿದ್ದರೆ ಅದನ್ನು ಅವನು ಬಿಟ್ಟುಕೊಡುತ್ತಿದ್ದನೇ?

ಇನ್ನು ಬೆಲೆಯ ಮಾತು. ಮೈಕ್ ಟ್ರೌಟ್ ಎಂಬ ಆಟಗಾರನನ್ನು 2009ರಲ್ಲಿ ತಂಡಗಳು ಹೊಸಬರನ್ನು ಆರಿಸಿಕೊಳ್ಳುವಾಗ 24 ಮಂದಿಯ ಹೆಸರು ಮುಗಿದ ಮೇಲೆ 25ನೆಯವನಾಗಿ ಕರೆಯಲಾಯಿತು. ಮುಂದೆ ಅವನು ತನ್ನ ಪೀಳಿಗೆಯ ಶ್ರೇಷ್ಠರಲ್ಲಿ ಒಬ್ಬನಾದನು. ಅವನ ಸಹಿಯುಳ್ಳ, ಒಂದೇ ಪ್ರತಿ ಅಚ್ಚಾಗಿದ್ದ 2009ರ ಭರವಸೆಯ ಕಾರ್ಡು 2020ರಲ್ಲಿ 39 ಲಕ್ಷ ಡಾಲರಿಗೂ ಮಿಗಿಲಾದ ಬೆಲೆಗೆ ಮಾರಾಟವಾಯಿತು. ಆದರೆ ಮೊದಲಿನದೆಂಬುದೊಂದೇ ಬೆಲೆಯನ್ನು ನಿರ್ಧರಿಸುವುದಿಲ್ಲ. ಮಿಕಿ ಮ್ಯಾಂಟಲ್ ಎಂಬ ಹಿರಿಯ ಆಟಗಾರನ ಚೊಚ್ಚಲ ಕಾರ್ಡು 1951ರದು. ಆದರೂ ಟಾಪ್ಸ್ ಸಂಸ್ಥೆಯವರು 1952ರಲ್ಲಿ ಹೊರತಂದ ಅವನ ಕಾರ್ಡೇ ಹೆಚ್ಚು ಕೀರ್ತಿ ಪಡೆದು, ಅದರ ಒಂದು ಅಚ್ಚಳಿಯದ ಪ್ರತಿ 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಅಪರೂಪತೆ, ಅಂದ, ಜನರ ಅಕ್ಕರೆ ಇವೆಲ್ಲ ಕೂಡಿ ಬೆಲೆ ಹುಟ್ಟುತ್ತದೆ.

ಇಷ್ಟನ್ನು ಓದಿದ ಬಾಲಕರು ಕಾರ್ಡುಗಳನ್ನು ಕೊಂಡು ಧನಿಕರಾಗೋಣವೆಂದು ಎಣಿಸಬಾರದು. ‘ಬೆಳೆಯ ಸಿರಿಯನ್ನು ಮೊಳಕೆಯಲ್ಲಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ಆದರೆ ಮಡಕಶಿರ ಸೀಮೆಯ ರೈತನು ಕಡಲೆಕಾಯಿಯ ಮೊಳಕೆ ಚೆನ್ನಾಗಿ ಬಂದಿತೆಂದು ಅಂದೇ ಸಾಲ ತೀರಿಸುವ ದಿನವನ್ನು ಗೊತ್ತುಮಾಡುವುದಿಲ್ಲ. ಮೊಳಕೆಯನ್ನು ನೋಡಿ ಸಂತೋಷಪಡುತ್ತಾನೆ. ಬಳಿಕ ಆಕಾಶವನ್ನು ನೋಡುತ್ತಾನೆ. ಆಟದ ಹೊಲದಲ್ಲಿಯೂ ಇದೇ ನ್ಯಾಯ. ಬ್ರಿಯನ್ ಟೇಲರ್ ಎಂಬ ಹುಡುಗನು 1991ರಲ್ಲಿ ದೇಶಕ್ಕೇ ಮೊದಲನೆಯವನಾಗಿ ಆಯ್ಕೆಯಾಗಿ 15 ಲಕ್ಷ 50 ಸಾವಿರ ಡಾಲರುಗಳನ್ನು ಪಡೆದನು. ಎರಡು ವರ್ಷಗಳ ಬಳಿಕ ಅವನ ಭುಜಕ್ಕೆ ಪೆಟ್ಟಾಯಿತು. ಮೇಲ್ದರ್ಜೆಯ ಒಂದು ಪಂದ್ಯವನ್ನೂ ಅವನು ಆಡಲಿಲ್ಲ. ನಮ್ಮ ದೇಶದ ಶ್ರೀ ನರೇಂದ್ರ ಹಿರ್ವಾನಿಯವರು 1988ರಲ್ಲಿ ಮದರಾಸಿನಲ್ಲಿ ತಮ್ಮ ಮೊದಲ ಟೆಸ್ಟಿನಲ್ಲಿಯೇ 136 ಓಟಗಳಿಗೆ 16 ವಿಕೆಟ್ಟುಗಳನ್ನು ಪಡೆದು ಲೋಕವನ್ನು ಬೆರಗುಗೊಳಿಸಿದರು. ಆದರೆ ಅವರು ಆಡಿದ ಒಟ್ಟು ಟೆಸ್ಟುಗಳು 17. ಪಡೆದ ವಿಕೆಟ್ಟುಗಳು 66. ಇದಕ್ಕೆ ವಿರುದ್ಧವಾಗಿ, ಬೆಂಗಳೂರಿನ ಶ್ರೀ ಅನಿಲ್ ಕುಂಬ್ಳೆಯವರು 1990ರಲ್ಲಿ ಮೊದಲ ಟೆಸ್ಟ್ ಆಡಿದ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಮತ್ತೊಂದಕ್ಕಾಗಿ ಕಾಯಬೇಕಾಯಿತು. 2008ರಲ್ಲಿ ನಿವೃತ್ತರಾಗುವ ವೇಳೆಗೆ ಅವರ ವಿಕೆಟ್ಟುಗಳು 619 ಆಗಿದ್ದವು. ಮೊದಲ ವರ್ಷದಲ್ಲಿಯೇ ಬೆಲೆ ಕಟ್ಟಿದವರು ಇಬ್ಬರ ವಿಷಯದಲ್ಲಿಯೂ ತಪ್ಪುತ್ತಿದ್ದರು.

ಇನ್ನೊಂದು ಎಚ್ಚರಿಕೆಯನ್ನೂ ಪೋಷಕರು ಗಮನಿಸಬೇಕು. ಅಮೆರಿಕದಲ್ಲಿ 1980ರ ದಶಕದ ಕೊನೆಯಲ್ಲಿ ಕಾರ್ಡುಗಳ ಬೆಲೆ ಏರುವುದನ್ನು ಕಂಡ ಜನರು ಪೆಟ್ಟಿಗೆಗಟ್ಟಲೆ ಕೊಂಡು ಬಚ್ಚಿಟ್ಟರು. ತಯಾರಕರೂ ಮಿತಿಯಿಲ್ಲದೆ ಅಚ್ಚುಹಾಕಿದರು. ಎಲ್ಲರೂ ಜೋಪಾನ ಮಾಡಿದುದರಿಂದ ಯಾವುದೂ ಅಪರೂಪವಾಗಲಿಲ್ಲ. ಅವುಗಳಲ್ಲಿ ಬಹುಪಾಲು ಇಂದು ಅಗ್ಗವಾಗಿ ಬಿದ್ದಿವೆ. ಒಳಗೇನಿದೆಯೆಂದು ತಿಳಿಯದ ಪೊಟ್ಟಣವನ್ನು ಒಂದರ ಮೇಲೊಂದು ಒಡೆಯುವ ಚಪಲಕ್ಕೂ ಜೂಜಿಗೂ ಅಂತರ ಬಹಳವಿಲ್ಲ. ಕೈಖರ್ಚಿನ ಮಿತಿಯಲ್ಲಿ, ಮೆಚ್ಚಿದ ಆಟಗಾರನ ಚಿತ್ರವನ್ನು ಸಂತೋಷಕ್ಕಾಗಿ ಇಟ್ಟುಕೊಳ್ಳುವುದು ಒಳ್ಳೆಯ ಹವ್ಯಾಸ. ಅದರಿಂದ ಇತಿಹಾಸ ತಿಳಿಯುತ್ತದೆ, ಅಂಕಿಗಳ ಅಭ್ಯಾಸವಾಗುತ್ತದೆ, ವಸ್ತುಗಳನ್ನು ಅಚ್ಚುಕಟ್ಟಾಗಿ ಇಡುವ ಶಿಸ್ತು ಬರುತ್ತದೆ. ಗೆಳೆಯರೊಡನೆ ಅದಲುಬದಲು ಮಾಡಿಕೊಳ್ಳುವಾಗ ನ್ಯಾಯದ ಪಾಠವೂ ಆಗುತ್ತದೆ.

ಚೊಚ್ಚಲ ಕಾರ್ಡಿಗೆ ಕೊಡುವ ಹಣವು ವಾಸ್ತವವಾಗಿ ಆಶೆಗೆ ಕೊಡುವ ಬೆಲೆ. ಅಂತಹ ಕಾರ್ಡುಗಳು ನಮ್ಮ ಗುಡಿಬಂಡೆಯ ಮನೆಗಳಲ್ಲಿಯೂ ಇವೆ. ಮಗು ಮೊದಲ ಸಲ ವಕ್ರವಾಗಿ ತನ್ನ ಹೆಸರನ್ನು ಕನ್ನಡದಲ್ಲಿ ಬರೆದ ಹಾಳೆ, ಮೊದಲ ತರಗತಿಯ ಗುಂಪಿನ ಭಾವಚಿತ್ರ, ಓಟದಲ್ಲಿ ಬಂದ ಸಣ್ಣ ಬಹುಮಾನದ ಪತ್ರ, ಇವುಗಳನ್ನು ತಾಯಿ ಪೆಟ್ಟಿಗೆಯ ಅಡಿಯಲ್ಲಿ ಇಟ್ಟಿರುತ್ತಾಳೆ. ಅವಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ. ಅವಳು ಮಾರುವವಳೂ ಅಲ್ಲ. ಮಗ ದೊಡ್ಡ ಅಧಿಕಾರಿಯಾಗಲಿ, ಹೊಲವನ್ನೇ ಉಳಲಿ, ಆ ಹಾಳೆಯ ಬೆಲೆ ಅವಳ ಪಾಲಿಗೆ ಇಳಿಯುವುದಿಲ್ಲ. ಸಂಗ್ರಾಹಕನು ಇಂತಹ ಅಕ್ಕರೆಯನ್ನು ಕಲಿತರೆ ನಷ್ಟಪಡಲಾರನು. ಪೋಷಕರಾದ ನಾವು ಸಹ, ಒಂದು ಪರೀಕ್ಷೆಯ ಅಂಕಗಳನ್ನು ನೋಡಿ ಮಕ್ಕಳಿಗೆ ಅಂದೇ ಬೆಲೆ ಕಟ್ಟುವ ಆತುರವನ್ನು ಬಿಡೋಣ. 25ನೆಯವನಾಗಿ ಕರೆಯಲ್ಪಟ್ಟವನ ಕಥೆಯನ್ನೂ ಮೊದಲ ಸರದಿಯ ಸೊನ್ನೆಯನ್ನೂ ಮರೆಯದಿರೋಣ.